ಬಸವನಗುಡಿಯಲ್ಲಿ ಪಾಸು, ಇಂಗ್ಲೆಂಡಿನಲ್ಲಿ ಫೇಲು

ನಮ್ಮ ಆಫೀಸಿನ ಗೋಡೆಗೆ ಒಂದು ದೊಡ್ಡ ಟೀವಿ ನೇತು ಹಾಕಿದ್ದಾರೆ. ಅದರಲ್ಲಿ ಕ್ರಿಕೆಟ್ಟೂ ಬರೋಲ್ಲ, ಬಿಬಿಸಿನೂ ಬರೋಲ್ಲ. ನಾವು ಬರೆಯೋ ಸಾಫ್ಟ್‌ವೇರಿನ ಟೆಸ್ಟುಗಳು ಪಾಸಾದವಾ ಇಲ್ಲವಾ ಅಂತ ತೋರಿಸೋದಷ್ಟೇ ಅದರ ಕೆಲಸ. ಯಾರಾದರೂ ಹೊಸ ಕೋಡು ಸೇರಿಸಿದ ಕೂಡಲೇ ಎಲ್ಲೋ ಇರುವ ಒಂದು ಸರ್ವರ್ಸು ಎಲ್ಲ ಟೆಸ್ಟುಗಳನ್ನೂ ತಾನೇ ತಾನಾಗಿ ಓಡಿಸುತ್ತೆ. ಎಲ್ಲಾ ಸರಿ ಇದ್ದರೆ ಪರದೆ ಹಸಿರು, ಒಂದೇ ಒಂದು ಕೆಟ್ಟರೂ ಕೆಂಪು. ಕೆಂಪು ಬಂದ ದಿನ ಕಾಫಿ ಮೆಷಿನ್ ಹತ್ತಿರ ಯಾರೂ ಯಾರ ಮುಖಾನೂ ನೋಡೋಲ್ಲ. ಹಸಿರಿದ್ದರೆ ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೇ ಜಾಗ ಖಾಲಿ.

2018ರ ಫೆಬ್ರವರಿ ಹೊತ್ತಿಗೆ ಆ ಟೀವಿ ಮೂರು ತಿಂಗಳಿಂದ ಹಸಿರಾಗೇ ಇತ್ತು. ಮೂರು ತಿಂಗಳೂ ಅದು ಸುಳ್ಳು ಹೇಳ್ತಾ ಇತ್ತು. ಹೇಳಿಸಿದವನು ನಾನೇ ಆದ್ದರಿಂದ ಕತೆಯನ್ನೂ ನಾನೇ ಬರೆದುಬಿಡೋದು ಮೇಲು.

ಮೊದಲು ಸಾಫ್ಟ್‌ವೇರು ಏನು ಅಂತ ಹೇಳ್ತೀನಿ. ಇಂಗ್ಲೆಂಡಿನಲ್ಲಿ ಸರ್ಕಾರಿ ಶಾಲೆಗೆ ಸೀಟು ಸಿಗೋದಕ್ಕೆ ಡೊನೇಶನ್ನು, ಇಂಟರ್‌ವ್ಯೂ, ಮಾವನ ಶಿಫಾರಸು ಯಾವುದೂ ನಡೆಯೋದಿಲ್ಲ. ಪ್ರೈಮರಿ ಶಾಲೆಗೆ ಜನವರಿ 15ರ ಒಳಗೆ ಕೌನ್ಸಿಲಿಗೆ ಅರ್ಜಿ ಹಾಕಬೇಕು, ಏಪ್ರಿಲ್ 16ಕ್ಕೆ ಫಲಿತಾಂಶ. ಇರೋ ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಸರ್ಕಾರದ ಪೋಷಣೆಯಲ್ಲಿರುವ ಮಕ್ಕಳು, ಅದೇ ಶಾಲೆಯಲ್ಲಿ ಅಣ್ಣನೋ ಅಕ್ಕನೋ ಓದ್ತಾ ಇರೋ ಮಕ್ಕಳು, ಹೀಗೆ ಒಂದು ಪಟ್ಟಿ ಇರುತ್ತೆ. ಅದೆಲ್ಲಾ ಮುಗಿದ ಮೇಲೆ ಉಳಿದವರಿಗೆ ಬಹಳ ಕಡೆ ಒಂದೇ ಮಾನದಂಡ: ಮನೆಯಿಂದ ಶಾಲೆಗೆ ಎಷ್ಟು ದೂರ? ಕೆಲವು ಕೌನ್ಸಿಲುಗಳು ನಡೆಯುವ ದಾರಿ ಅಳೀತಾವೆ, ಬಹಳಷ್ಟು ಕಾಗೆ ಹಾರೋ ಹಾಗೆ ನೆಟ್ಟಗೆ ಅಳೀತಾವೆ. ಮೂವತ್ತನೇ ಸೀಟಿನ ಮಗುವಿಗೂ ಮೂವತ್ತೊಂದನೇ ಮಗುವಿಗೂ ನಡುವೆ ಕೆಲವೊಮ್ಮೆ ನಾಲ್ಕು ಕಾರು ನಿಲ್ಲಿಸೋವಷ್ಟು ಅಂತರವೂ ಇರೋದಿಲ್ಲ. ನನ್ನ ಮಗಳಿಗೆ ಸೀಟು ಸಿಕ್ಕ ವರ್ಷ ಬಂದ ಕಾಗದದಲ್ಲಿ ದೂರವನ್ನ ಮೈಲಿಯ ಸಾವಿರದಲ್ಲೊಂದು ಭಾಗದವರೆಗೆ ಬರೆದಿದ್ದರು. ಮನೆಯಾಕೆ ಅದನ್ನ ಫ್ರಿಜ್ಜಿನ ಮೇಲೆ ಅಂಟಿಸಿದ್ದಳು, ರ್‍ಯಾಂಕ್ ಬಂದವರ ಮಾರ್ಕ್ಸ್ ಕಾರ್ಡ್ ಥರ.

ಈ ದೂರವನ್ನ ಲೆಕ್ಕ ಹಾಕಿ, ಸಾಲಾಗಿ ಜೋಡಿಸಿ, ನಕಾಶೆಯ ಮೇಲೆ ತೋರಿಸೋ ವೆಬ್ ಸಾಫ್ಟ್‌ವೇರನ್ನ ನಮ್ಮ ಪುಟ್ಟ ಕಂಪನಿ ಮಾಡಿಕೊಡ್ತಾ ಇತ್ತು. ಕಂಪನಿ ಹೆಸರು, ಕೌನ್ಸಿಲ್ ಹೆಸರು ಕೇಳಬೇಡಿ.

*

ಇಂಥ ಕೆಲಸಕ್ಕೆ ಮಾಮೂಲಿ ಡೇಟಾಬೇಸ್ ಸಾಲದು. ಮಾಮೂಲಿಯದ್ದಕ್ಕೆ ಅಂಕಿ ಗೊತ್ತು, ಅಕ್ಷರ ಗೊತ್ತು, ತಾರೀಖು ಗೊತ್ತು. "ಈ ಮನೆ ಆ ಗಡಿಯ ಒಳಗಿದೆಯಾ?", "ಈ ಶಾಲೆಗೆ ಹತ್ತಿರದ ನೂರು ಮನೆ ಯಾವುವು?" ಅಂತ ಕೇಳಿದರೆ ಅದು ಕಣ್ಣು ಕಣ್ಣು ಬಿಡುತ್ತೆ. ಅದಕ್ಕೇ ಸ್ಪೇಶಿಯಲ್ ಡೇಟಾಬೇಸ್, ಅಂದರೆ ಜಾಗದ ಲೆಕ್ಕ ಬಲ್ಲ ಡೇಟಾಬೇಸ್ ಬೇಕು. ನಾವು ಬಳಸೋದು ಪೋಸ್ಟ್‌ಗ್ರೆಸ್ ಮೇಲೆ ಕೂರುವ ಪೋಸ್ಟ್‌ಜಿಐಎಸ್. ಕೆನಡಾದ ವಿಕ್ಟೋರಿಯಾದಲ್ಲಿರುವ ರಿಫ್ರಾಕ್ಷನ್ಸ್ ರಿಸರ್ಚ್ ಅನ್ನೋ ಕಂಪನಿ 2001ರಲ್ಲಿ ಬಿಡುಗಡೆ ಮಾಡಿ ಊರಿಗೆಲ್ಲ ಪುಕ್ಕಟೆ ಹಂಚಿದ ಪುಣ್ಯದ ಕೆಲಸ ಅದು. ಅದರ ಜೊತೆ ಪೈಥಾನ್ ಭಾಷೆಯ ಜಾಂಗೋ, ಮತ್ತು 2008ರಲ್ಲಿ ಜಾಂಗೋ 1.0ರ ಜೊತೆಗೇ ಬಂದ ಜಿಯೋಜಾಂಗೋ.

ಜಾಂಗೋದಲ್ಲಿ ಟೆಸ್ಟ್ ಓಡಿಸಿದಾಗ ಅದು ನಿಮ್ಮ ನಿಜವಾದ ಡೇಟಾಬೇಸನ್ನ ಮುಟ್ಟೋದಿಲ್ಲ. ಹೆಸರಿನ ಮುಂದೆ ಟೆಸ್ಟ್ ಅಂತ ಸೇರಿಸಿ ಒಂದು ಹೊಸ ಖಾಲಿ ಡೇಟಾಬೇಸ್ ಹುಟ್ಟಿಸುತ್ತೆ, ಟೇಬಲ್ಲುಗಳನ್ನ ಕಟ್ಟುತ್ತೆ, ಟೆಸ್ಟುಗಳನ್ನ ಓಡಿಸುತ್ತೆ, ಆಮೇಲೆ ಎಲ್ಲಾ ಕೆಡವಿ ಗುಡಿಸಿ ಹೋಗುತ್ತೆ. ಮದುವೆಗೆ ಚಪ್ಪರ ಹಾಕಿ ಬಿಚ್ಚಿದ ಹಾಗೆ. ಮಾಮೂಲಿ ಡೇಟಾಬೇಸಿಗೆ ಇದು ಸಲೀಸು. ಸ್ಪೇಶಿಯಲ್ ಡೇಟಾಬೇಸಿಗೆ ಮಾತ್ರ ಚಪ್ಪರದ ಜೊತೆ ಇಡೀ ಅಡುಗೆಯವರ ತಂಡವೂ ಬರಬೇಕು: ನೂರಾರು ಫಂಕ್ಷನ್ನುಗಳು, ಜಗತ್ತಿನ ಸಾವಿರಾರು ನಿರ್ದೇಶಾಂಕ ಪದ್ಧತಿಗಳ ಒಂದು ಟೇಬಲ್ಲು, ಎಲ್ಲಾ. ಹಿಂದೆ ಇದು ದೊಡ್ಡ ರಗಳೆಯಾಗಿತ್ತು. ಒಂದು ಮಾದರಿ ಡೇಟಾಬೇಸನ್ನ ಕೈಯಾರೆ ಮಾಡಿ, ಅದಕ್ಕೆ ಉದ್ದುದ್ದ ಎಸ್‌ಕ್ಯೂಎಲ್ ಫೈಲುಗಳನ್ನ ತುಂಬಿಸಿ, ಟೆಸ್ಟ್ ಡೇಟಾಬೇಸನ್ನ ಅದರ ನಕಲಾಗಿ ಹುಟ್ಟಿಸಬೇಕಿತ್ತು. 2011ರ ಪೋಸ್ಟ್‌ಗ್ರೆಸ್ 9.1ರಲ್ಲಿ ಎಕ್ಸ್‌ಟೆನ್ಶನ್ ಅನ್ನೋ ಏರ್ಪಾಡು ಬಂತು, ಮಾರನೇ ವರ್ಷ ಪೋಸ್ಟ್‌ಜಿಐಎಸ್ 2.0 ಅದಕ್ಕೆ ಹೊಂದಿಕೊಂಡಿತು. ಆಮೇಲೆ ಒಂದೇ ಸಾಲಿನ ಆಜ್ಞೆಯಲ್ಲಿ ಕೆಲಸ ಮುಗೀತು, 2015ರ ಜಾಂಗೋ 1.8ರಿಂದ ಆ ಸಾಲನ್ನೂ ಜಾಂಗೋನೇ ಹೇಳಿಕೊಳ್ಳುತ್ತೆ.

ಆದರೆ ಆ ಒಂದು ಸಾಲು ನಡೀಬೇಕು ಅಂದರೆ ಡೇಟಾಬೇಸಿನಲ್ಲಿ ಸೂಪರ್‌ಯೂಸರ್ ಅಧಿಕಾರ ಬೇಕು. ನಮ್ಮ ಟೆಸ್ಟ್ ಸರ್ವರಿನ ಡೇಟಾಬೇಸ್ ನೋಡಿಕೊಳ್ಳೋ ಮಹಾಶಯರು ಅದನ್ನ ಕೊಡೋಲ್ಲ ಅಂದರು. ಅವರದ್ದೂ ತಪ್ಪಲ್ಲ ಬಿಡಿ, ಮನೆ ಬೀಗದ ಕೈಯನ್ನ ಪೇಪರ್ ಹಾಕೋ ಹುಡುಗನಿಗೆ ಯಾರು ಕೊಡ್ತಾರೆ? ಮೇಲಾಗಿ ಪ್ರತಿ ಸಲ ಚಪ್ಪರ ಹಾಕಿ ಬಿಚ್ಚೋದಕ್ಕೆ ನಿಮಿಷಗಟ್ಟಲೆ ಕಾಯಬೇಕು. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಹಾಗಾಗಿ ನಾನೊಂದು 'ಬುದ್ಧಿವಂತಿಕೆ' ಮಾಡಿದೆ. ದೂರದ ಲೆಕ್ಕವನ್ನ ಡೇಟಾಬೇಸಿನಿಂದ ಕಿತ್ತು ಪೈಥಾನಿಗೆ ತಂದೆ. ಜಿಯೋಜಾಂಗೋದಲ್ಲಿ ಜಿಯೋಸ್ ಅನ್ನೋ ಲೈಬ್ರರಿ ಇದೆ, ಅದಕ್ಕೆ ಎರಡು ಬಿಂದು ಕೊಟ್ಟರೆ ದೂರ ಹೇಳುತ್ತೆ. ಡೇಟಾಬೇಸೇ ಬೇಡ, ಟೆಸ್ಟುಗಳು ಕಣ್ಣು ಮಿಟುಕಿಸೋದರೊಳಗೆ ಮುಗೀತವೆ. ನಮ್ಮ ಮ್ಯಾನೇಜರ್ ಬೆನ್ನು ತಟ್ಟಿದ.

ಇನ್ನು ಟೆಸ್ಟಿಗೆ ಉದಾಹರಣೆಗಳು ಬೇಕಲ್ಲ? ನಿಜವಾದ ಮಕ್ಕಳ ವಿಳಾಸ ಹಾಕೋ ಹಾಗಿಲ್ಲ. ನನಗೆ ಕಣ್ಣು ಮುಚ್ಚಿದರೂ ಗೊತ್ತಿರೋ ಊರು ಒಂದೇ. ಗಾಂಧಿ ಬಜಾರಿನಲ್ಲಿ ಒಂದು ಶಾಲೆ ಇಟ್ಟೆ. ಲಾಲ್‌ಬಾಗಿನ ಪಶ್ಚಿಮದ ಗೇಟಿನ ಕಡೆಗೊಂದು ಮಗು, ನ್ಯಾಷನಲ್ ಕಾಲೇಜಿನ ಕಡೆಗೊಂದು ಮಗು, ದೊಡ್ಡ ಗಣಪತಿ ದೇವಸ್ಥಾನದ ಹತ್ತಿರ ಇನ್ನೊಂದು. ಯಾವುದು ಹತ್ತಿರ, ಯಾವುದು ದೂರ ಅಂತ ಬಾಲ್ಯದಲ್ಲಿ ಸೈಕಲ್ ತುಳಿದ ಕಾಲಿಗೇ ಗೊತ್ತು. ಪ್ರೋಗ್ರಾಮು ಸರಿಯಾದ ಸಾಲಿನಲ್ಲೇ ಜೋಡಿಸ್ತು. ಪಾಸು, ಪಾಸು, ಪಾಸು. ಟೀವಿ ಹಸಿರು.

*

ನಮ್ಮ ಟೀಮಿನಲ್ಲಿ ಒಬ್ಬರು ಹಿರಿಯ ಹೆಂಗಸಿದ್ದರು. ನಕಾಶೆ ಬರೆಯೋ ಕೆಲಸದಲ್ಲಿ ಅರ್ಧ ಆಯಸ್ಸು ಕಳೆದು ಆಮೇಲೆ ಟೆಸ್ಟಿಂಗಿಗೆ ಬಂದವರು. ಅವರು ಟೀವಿ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಪರದೆಯ ಮೇಲೆ ಒಂದು ಶಾಲೆಯ ಸುತ್ತ ಪ್ರೋಗ್ರಾಮು ಬರೆದ ವೃತ್ತವನ್ನ ನೋಡ್ತಾ ಕೂತಿದ್ದರು. ನನ್ನನ್ನ ಕರೆದರು.

"ಇದು ಏನಪ್ಪಾ?"

"ಶಾಲೆಯಿಂದ ಒಂದು ಕಿಲೋಮೀಟರ್ ವೃತ್ತ."

"ವೃತ್ತಾನಾ? ನನ್ನ ಕಣ್ಣಿಗೆ ಮೊಟ್ಟೆ ಕಾಣ್ತಾ ಇದೆ."

ನೋಡಿದೆ. ಹೌದು. ದೋಸೆ ಥರ ದುಂಡಗಿರಬೇಕಾದ್ದು ನೆಟ್ಟಗೆ ನಿಲ್ಲಿಸಿದ ಕೋಳಿಮೊಟ್ಟೆ ಥರ ಇತ್ತು. ಉತ್ತರ ದಕ್ಷಿಣಕ್ಕೆ ಉದ್ದ, ಪೂರ್ವ ಪಶ್ಚಿಮಕ್ಕೆ ಸೊಟ್ಟಗೆ. ನನಗೆ ಹೊಟ್ಟೆಯಲ್ಲಿ ಸಣ್ಣಗೆ ತಣ್ಣಗಾಯ್ತು.

ಆಗಿದ್ದು ಇಷ್ಟು. ಜಿಯೋಸ್ ಲೈಬ್ರರಿಗೆ ಭೂಮಿ ದುಂಡಗಿದೆ ಅಂತ ಗೊತ್ತಿಲ್ಲ. ಅದಕ್ಕೆ ಜಗತ್ತು ಒಂದು ಗ್ರಾಫ್ ಕಾಗದ. ಅಕ್ಷಾಂಶ ರೇಖಾಂಶ ಕೊಟ್ಟರೆ ಅದು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಹಾಕಿ ಡಿಗ್ರಿಯಲ್ಲಿ ಉತ್ತರ ಕೊಡುತ್ತೆ. ಜಾಂಗೋದ ಕೈಪಿಡಿಯಲ್ಲೇ ಇದನ್ನ ಎಚ್ಚರಿಕೆ ಅಂತ ಬರೆದಿದ್ದಾರೆ. ಕೈಪಿಡಿ ಓದೋರು ಯಾರು ಸ್ವಾಮಿ!

ಡಿಗ್ರಿ ಅನ್ನೋದು ಎಲ್ಲಾ ಕಡೆ ಒಂದೇ ಉದ್ದ ಅಲ್ಲ. ರೇಖಾಂಶದ ಗೆರೆಗಳು ಕಿತ್ತಳೆ ಹಣ್ಣಿನ ತೊಳೆಗಳ ಹಾಗೆ, ನಡುವೆ ಅಗಲ, ಧ್ರುವದ ಕಡೆ ಹೋಗ್ತಾ ಹೋಗ್ತಾ ಕೂಡಿಕೊಳ್ತವೆ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಉತ್ತರಕ್ಕೆ ಒಂದು ಡಿಗ್ರಿ ಹೋದರೆ ಸುಮಾರು 110.6 ಕಿಲೋಮೀಟರ್, ಪೂರ್ವಕ್ಕೆ ಒಂದು ಡಿಗ್ರಿ ಹೋದರೆ 108.5. ಹೆಚ್ಚು ಕಡಿಮೆ ಸಮ. ನಾನಿರೋ ಮಿಲ್ಟನ್ ಕೀನ್ಸ್ 52 ಡಿಗ್ರಿಯಲ್ಲಿದೆ. ಇಲ್ಲಿ ಉತ್ತರಕ್ಕೆ 111 ಕಿಲೋಮೀಟರ್, ಪೂರ್ವಕ್ಕೆ ಬರೀ 68.7!

ಇಬ್ಬರು ಮಕ್ಕಳನ್ನ ಇಟ್ಟುಕೊಳ್ಳಿ. ಒಬ್ಬಳ ಮನೆ ಶಾಲೆಯಿಂದ ಪೂರ್ವಕ್ಕೆ 600 ಮೀಟರ್. ಇನ್ನೊಬ್ಬನದು ಉತ್ತರಕ್ಕೆ 700 ಮೀಟರ್. ಸೀಟು ಒಂದೇ ಇದೆ, ಹುಡುಗಿಗೆ ಸಿಗಬೇಕು. ಬಸವನಗುಡಿಯಲ್ಲಿ ಹುಡುಗಿಯ ದೂರ 0.0055 ಡಿಗ್ರಿ, ಹುಡುಗನದು 0.0063. ಸರಿಯಾಗೇ ಇದೆ, ಟೆಸ್ಟು ಪಾಸು. ಅದೇ ಇಬ್ಬರನ್ನ ಇಲ್ಲಿಗೆ ತನ್ನಿ. ಹುಡುಗನದು ಹೆಚ್ಚು ಕಡಿಮೆ ಅಷ್ಟೇ, 0.0063. ಹುಡುಗಿಯದು 0.0087 ಆಗಿಬಿಡುತ್ತೆ! ನೂರು ಮೀಟರ್ ಹತ್ತಿರ ಇದ್ದವಳು ಸಾಲಿನಲ್ಲಿ ಹಿಂದೆ ಬೀಳ್ತಾಳೆ. ಶಾಲೆಯ ಪೂರ್ವಕ್ಕೋ ಪಶ್ಚಿಮಕ್ಕೋ ಮನೆ ಮಾಡಿದ್ದೇ ಆ ಮಗು ಮಾಡಿದ ತಪ್ಪು.

ಅವತ್ತು ರಾತ್ರಿ ಕೂತು ಒಂದು ಶಾಲೆಯ ಪರೀಕ್ಷಾರ್ಥ ಪಟ್ಟಿಯನ್ನ ಮೀಟರಿನಲ್ಲಿ ಮತ್ತೆ ಲೆಕ್ಕ ಹಾಕಿದೆ. ಕೊನೆಯ ಸೀಟಿನ ಗೆರೆಯ ಆಚೆ ಈಚೆ ಎರಡು ಮಕ್ಕಳು ಅದಲು ಬದಲಾದರು. ಹೆಸರಿರಲಿಲ್ಲ, ಬರೀ ನಂಬರು. ಆದರೂ ಫ್ರಿಜ್ಜಿನ ಮೇಲಿನ ಕಾಗದ ನೆನಪಿಗೆ ಬಂತು. ಪಟ್ಟಿ ಇನ್ನೂ ಕೌನ್ಸಿಲಿಗೆ ಹೋಗಿರಲಿಲ್ಲ ಅನ್ನೋದೊಂದೇ ಸಮಾಧಾನ. ಏಪ್ರಿಲ್ 16ಕ್ಕೆ ಎಂಟು ವಾರ ಇತ್ತು.

"ರೀ, ಯಾಕೆ ನಿದ್ದೆ ಬರ್ತಿಲ್ವಾ?" ಅಂದಳು ಮನೆಯಾಕೆ.

"ಬೆಂಗಳೂರು ಸಮಭಾಜಕ ವೃತ್ತಕ್ಕೆ ಹತ್ತಿರ ಇದೆ ಕಣೇ," ಅಂದೆ. ಏನೂ ಮಾತಾಡದೆ ಲೈಟು ಆರಿಸಿ ಮಲಗಿದಳು.

*

ಲೆಕ್ಕವನ್ನ ಸರಿ ಮಾಡೋದು ಸುಲಭ ಇತ್ತು. ಬ್ರಿಟನ್ನಿಗೆ ತನ್ನದೇ ಆದ ಚೌಕುಳಿ ಪದ್ಧತಿ ಇದೆ, ಬ್ರಿಟಿಷ್ ನ್ಯಾಷನಲ್ ಗ್ರಿಡ್ ಅಂತ. ಪೂರ್ವಕ್ಕೆ ಇಷ್ಟು ಮೀಟರ್, ಉತ್ತರಕ್ಕೆ ಇಷ್ಟು ಮೀಟರ್. ಅದರಲ್ಲಿಟ್ಟರೆ ಪೈಥಾಗೊರಸ್ ಹಾಕಿದರೂ ಪರವಾಗಿಲ್ಲ. ಕಿಲೋಮೀಟರಿಗೆ ಹೆಚ್ಚೆಂದರೆ ಸುಮಾರು ನಲವತ್ತು ಸೆಂಟಿಮೀಟರ್ ವ್ಯತ್ಯಾಸ ಬರಬಹುದು, ಆದರೆ ಒಂದೇ ಶಾಲೆಯ ಸುತ್ತಮುತ್ತ ಎಲ್ಲರಿಗೂ ಅದು ಒಂದೇ ಪ್ರಮಾಣದಲ್ಲಿರೋದರಿಂದ ಸಾಲು ಕೆಡೋದಿಲ್ಲ. ದೂರದ ಲೆಕ್ಕವನ್ನ ವಾಪಸ್ ಪೋಸ್ಟ್‌ಜಿಐಎಸ್‌ಗೆ ಒಪ್ಪಿಸಿದೆವು.

ಟೆಸ್ಟುಗಳನ್ನ ಸರಿ ಮಾಡೋಕೆ ಮೂರು ವಾರ ಹಿಡೀತು. ಮೊದಲನೆಯದಾಗಿ ಡೇಟಾಬೇಸ್ ಮಹಾಶಯರ ಹತ್ತಿರ ಹೋಗಿ ಕೈ ಮುಗಿದೆ. ಅವರು ಹತ್ತು ನಿಮಿಷದಲ್ಲಿ ಉಪಾಯ ಹೇಳಿದರು: ಪೋಸ್ಟ್‌ಗ್ರೆಸ್ ಯಾವ ಹೊಸ ಡೇಟಾಬೇಸ್ ಹುಟ್ಟಿಸಿದರೂ ಅದು 'ಟೆಂಪ್ಲೇಟ್1' ಅನ್ನೋದರ ನಕಲು. ಅವರೇ ತಮ್ಮ ಅಧಿಕಾರದಲ್ಲಿ ಅದರೊಳಗೆ ಪೋಸ್ಟ್‌ಜಿಐಎಸ್ ಹಾಕಿಟ್ಟರೆ ನಮ್ಮ ಟೆಸ್ಟ್ ಡೇಟಾಬೇಸು ಹುಟ್ಟುವಾಗಲೇ ಅದನ್ನ ಹೊತ್ತುಕೊಂಡು ಬರುತ್ತೆ, ನಮಗೆ ಸೂಪರ್‌ಯೂಸರ್ ಅಧಿಕಾರ ಬೇಡ, ಹೊಸ ಡೇಟಾಬೇಸ್ ಹುಟ್ಟಿಸೋ ಅನುಮತಿಯಷ್ಟೇ ಸಾಕು. ನಾಲ್ಕು ತಿಂಗಳ ಹಿಂದೆಯೇ ವಿನಯವಾಗಿ ಕೇಳಿದ್ದರೆ ಇದೇ ಉತ್ತರ ಬರ್ತಿತ್ತೇನೋ. ನಿಧಾನದ ವಿಷಯಕ್ಕೂ ಮದ್ದಿತ್ತು. ಪ್ರತಿ ಸಲ ಚಪ್ಪರ ಬಿಚ್ಚದೆ ಹಾಗೇ ಉಳಿಸಿಕೊಳ್ಳೋ ಆಯ್ಕೆ ಜಾಂಗೋದಲ್ಲಿ 1.8ರಿಂದಲೇ ಇದೆ. ಪ್ರತಿ ಟೆಸ್ಟೂ ಒಂದು ಟ್ರಾನ್ಸಾಕ್ಷನ್ ಒಳಗೆ ಓಡಿ ಕೊನೆಗೆ ರದ್ದಾಗೋದರಿಂದ ಒಂದರ ಎಂಜಲು ಇನ್ನೊಂದಕ್ಕೆ ತಗಲೋದಿಲ್ಲ.

ಆಮೇಲೆ ಉದಾಹರಣೆಗಳು. ಇಂಗ್ಲೆಂಡಿನೊಳಗಿನ ಕಾಲ್ಪನಿಕ ಮನೆಗಳನ್ನ ಇಟ್ಟೆವು. ಆ ಹಿರಿಯರು ಒಂದು ಕಟ್ಟುನಿಟ್ಟು ಮಾಡಿದರು: ಸರಿಯುತ್ತರ ಏನು ಅನ್ನೋದನ್ನ ಪ್ರೋಗ್ರಾಮಿನಿಂದಲೇ ಕೇಳಿ ಟೆಸ್ಟಿನಲ್ಲಿ ಬರೆಯೋ ಹಾಗಿಲ್ಲ, ಕಾಗದದ ಮೇಲೆ ಲೆಕ್ಕ ಹಾಕಿ ಬರೀಬೇಕು. ಪೂರ್ವಕ್ಕೆ 300, ಉತ್ತರಕ್ಕೆ 400, ಉತ್ತರ 500. ಇಷ್ಟು ಸುಲಭದ ಲೆಕ್ಕ. ನಾನು ಮೊದಲು ಪ್ರೋಗ್ರಾಮು ಕೊಟ್ಟ ಹದಿನೈದು ಅಂಕಿಯ ದಶಾಂಶವನ್ನೇ ಕತ್ತರಿಸಿ ಟೆಸ್ಟಿಗೆ ಅಂಟಿಸುತ್ತಿದ್ದೆ. ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ.

ಇನ್ನೊಂದು ಪಾಠ ಬೇಗ ಸಿಕ್ಕಿತು. ಆರು ಮನೆಗಳಿರೋ ಟೆಸ್ಟಿನಲ್ಲಿ ಎಲ್ಲಾ ಪ್ರಶ್ನೆಗೂ ಮಿಂಚಿನ ವೇಗದಲ್ಲಿ ಉತ್ತರ. ಲಕ್ಷಗಟ್ಟಲೆ ವಿಳಾಸದ ಮೇಲೆ ಅದೇ ಪುಟ ತೆರೆದರೆ ಚಹಾ ಕುಡಿದು ಬರಬಹುದು. ಕಾರಣ, ನಾವು "ಪ್ರತಿ ಮನೆಯ ದೂರ ಅಳೆದು ಎರಡು ಸಾವಿರ ಮೀಟರಿಗಿಂತ ಕಡಿಮೆ ಇದ್ದವನ್ನ ಕೊಡು" ಅಂತ ಕೇಳ್ತಿದ್ದೆವು, ಡೇಟಾಬೇಸು ವಿಧೇಯವಾಗಿ ಎಲ್ಲವನ್ನೂ ಅಳೀತಿತ್ತು. "ಎರಡು ಸಾವಿರ ಮೀಟರ್ ಒಳಗಿರೋದನ್ನ ಕೊಡು" ಅಂತ ಕೇಳೋಕೆ ಬೇರೆ ಫಂಕ್ಷನ್ನೇ ಇದೆ, ಅದು ಇಂಡೆಕ್ಸ್ ನೋಡಿ ದೂರದ ಮನೆಗಳನ್ನ ಮುಟ್ಟದೇ ಬಿಡುತ್ತೆ. ಉತ್ತರ ಎರಡರದ್ದೂ ಒಂದೇ. ಹಾಗಾಗಿ ಉತ್ತರ ಮಾತ್ರ ನೋಡೋ ಟೆಸ್ಟಿಗೆ ಇದು ಯಾವತ್ತೂ ಗೊತ್ತಾಗೋದಿಲ್ಲ. ಈಗ ಒಂದು ಟೆಸ್ಟು ಸಾವಿರಾರು ಸುಳ್ಳು ಮನೆಗಳನ್ನ ತುಂಬಿಸಿ, "ಇದನ್ನ ಹೇಗೆ ಹುಡುಕ್ತೀಯ ಹೇಳು" ಅಂತ ಡೇಟಾಬೇಸನ್ನೇ ಕೇಳಿ, ಉತ್ತರದಲ್ಲಿ ಇಂಡೆಕ್ಸಿನ ಹೆಸರಿದೆಯಾ ಅಂತ ನೋಡುತ್ತೆ.

ಆ ವರ್ಷದ ಪಟ್ಟಿ ಸರಿಯಾಗಿ ಹೋಯ್ತು. ಏಪ್ರಿಲ್ 16 ಏನೂ ಗಲಾಟೆ ಇಲ್ಲದೆ ಕಳೀತು.

*

ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. 2021ರಲ್ಲಿ ಹಳೇ ಲೈಬ್ರರಿಗಳನ್ನೆಲ್ಲ ಹೊಸ ಆವೃತ್ತಿಗೆ ಏರಿಸಿದೆವು. ನಮ್ಮ ಕೋಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ, ಟೀವಿ ಮಾತ್ರ ಕೆಂಪು ಕುಂಕುಮ ಚೆಲ್ಲಿದ ಹಾಗೆ.

ಒಂದು ಗುಂಪಿನ ಟೆಸ್ಟುಗಳು ಶಾಲೆಯ ವ್ಯಾಪ್ತಿಯ ಗಡಿಯನ್ನ ಕೌನ್ಸಿಲಿನ ಗಡಿಯಿಂದ ಕತ್ತರಿಸಿ, ಬಂದ ಆಕಾರವನ್ನ ಅಕ್ಷರಕ್ಕಕ್ಷರ ಹೋಲಿಸ್ತಾ ಇದ್ದವು. 2020ರ ಡಿಸೆಂಬರಿನಲ್ಲಿ ಬಂದ ಜಿಯೋಸ್ 3.9ರಲ್ಲಿ ಆಕಾರ ಕತ್ತರಿಸೋ ಒಳಗಿನ ವಿಧಾನವನ್ನೇ ಹೊಸದಾಗಿ ಬರೆದಿದ್ದಾರೆ. ಆಕಾರ ಅದೇ, ಮೂಲೆಗಳನ್ನ ಎಣಿಸೋಕೆ ಶುರು ಮಾಡೋ ಜಾಗ ಬೇರೆ. ದೇವಸ್ಥಾನದ ಪ್ರದಕ್ಷಿಣೆಯನ್ನ ಎದುರು ಬಾಗಿಲಿಂದ ಶುರು ಮಾಡಿದರೇನು, ಹಿಂದಿನ ಗೋಡೆಯಿಂದ ಶುರು ಮಾಡಿದರೇನು, ಸುತ್ತೋದು ಅದೇ ಗುಡಿ. ಆದರೆ ಅಕ್ಷರ ಹೋಲಿಸೋನಿಗೆ ಅದು ಬೇರೆ ಗುಡಿ. ಎರಡೂ ಆಕಾರ ಒಂದೇ ಜಾಗವನ್ನ ಆವರಿಸ್ತವಾ ಅಂತ ಡೇಟಾಬೇಸನ್ನೇ ಕೇಳೋ ಹಾಗೆ ಬದಲಾಯಿಸಿದ ಮೇಲೆ ಅವು ಸುಮ್ಮನಾದವು.

ಇನ್ನೊಂದು ಗುಂಪು ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಅನ್ನೋ ಜಗಳ. ಬಾಯಲ್ಲಿ ನಾವು ಅಕ್ಷಾಂಶ ಮೊದಲು ಹೇಳ್ತೀವಿ, ಪೋಸ್ಟ್‌ಜಿಐಎಸ್ ರೇಖಾಂಶ ಮೊದಲು ಬರೀತದೆ. ನಡುವೆ ಕೂತಿರೋ ಜಿಡಾಲ್ ಅನ್ನೋ ಲೈಬ್ರರಿ 2019ರ ಮೂರನೇ ಆವೃತ್ತಿಯಲ್ಲಿ ತನ್ನ ಹಳೇ ಅಭ್ಯಾಸ ಬಿಟ್ಟು, ಆಯಾ ಪದ್ಧತಿಯ ಅಧಿಕೃತ ಕ್ರಮವನ್ನೇ ಪಾಲಿಸೋಕೆ ಶುರು ಮಾಡಿತು. ಅದನ್ನ ನೇರವಾಗಿ ಬಳಸಿದ್ದ ನಮ್ಮ ಒಂದು ಕಡತದಲ್ಲಿ ಎಲ್ಲವೂ ತಿರುಗುಮುರುಗು. ಮಿಲ್ಟನ್ ಕೀನ್ಸ್ ಸೊಮಾಲಿಯಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿ ಮುಳುಗಿತ್ತು. ಕುತೂಹಲಕ್ಕೆ ಬೆಂಗಳೂರನ್ನೂ ತಿರುಗಿಸಿ ನೋಡಿದೆ. ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕ, ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿತ್ತು!

ಮೂರನೆಯದು ನಿಜಕ್ಕೂ ತಲೆ ತಿಂದಿದ್ದು. ಒಂದೇ ಟೆಸ್ಟು ನನ್ನ ಲ್ಯಾಪ್‌ಟಾಪಿನಲ್ಲಿ ಪಾಸು, ಸರ್ವರಿನಲ್ಲಿ ಫೇಲು. ಒಂದು ಬಿಂದುವನ್ನ ಜಿಪಿಎಸ್ ನಿರ್ದೇಶಾಂಕದಿಂದ ಬ್ರಿಟಿಷ್ ಗ್ರಿಡ್ಡಿಗೆ ಬದಲಾಯಿಸಿದರೆ ಎರಡು ಕಡೆ ಎರಡು ಉತ್ತರ, ನಡುವೆ ಒಂದೆರಡು ಮೀಟರ್ ವ್ಯತ್ಯಾಸ. ಎರಡು ದಿನ ಹುಡುಕಿದೆ. ಆರ್ಡನೆನ್ಸ್ ಸರ್ವೆಯವರು ಈ ಬದಲಾವಣೆಗೆ ಓಎಸ್‌ಟಿಎನ್15 ಅಂತ ಒಂದು ನಿಖರವಾದ ತಿದ್ದುಪಡಿ ಕೋಷ್ಟಕ ಕೊಟ್ಟಿದ್ದಾರೆ. ಲೆಕ್ಕ ಹಾಕೋ ಪ್ರೋಜ್ ಲೈಬ್ರರಿ ಆ ಕೋಷ್ಟಕದ ಫೈಲು ಯಂತ್ರದಲ್ಲಿದ್ದರೆ ಬಳಸುತ್ತೆ. ಇಲ್ಲದಿದ್ದರೆ? ದೂರು ಹೇಳೋದಿಲ್ಲ, ಸುಮ್ಮನೆ ಕಡಿಮೆ ನಿಖರತೆಯ ಸೂತ್ರ ಹಾಕಿ ಉತ್ತರ ಕೊಟ್ಟುಬಿಡುತ್ತೆ. ನನ್ನ ಲ್ಯಾಪ್‌ಟಾಪಿನಲ್ಲಿ ಯಾವತ್ತೋ ಹಾಕಿಕೊಂಡ ಫೈಲಿತ್ತು, ಸರ್ವರಿನಲ್ಲಿ ಇರಲಿಲ್ಲ.

ಪಕ್ಕದ ಮೇಜಿನ ಹುಡುಗ ಸಲಹೆ ಕೊಟ್ಟ: "ಟೆಸ್ಟಿನಲ್ಲಿ ಐದು ಮೀಟರ್ ರಿಯಾಯಿತಿ ಕೊಟ್ಟುಬಿಡಿ, ಹಸಿರಾಗುತ್ತೆ." 2017ರಲ್ಲಾಗಿದ್ದರೆ ನಾನೂ ಕೊಡ್ತಿದ್ದೆ. ಐದು ಮೀಟರ್ ಅಂದರೆ ಇಲ್ಲಿನ ಸಾಲುಮನೆಗಳಲ್ಲಿ ಒಂದು ಬಾಗಿಲಿಂದ ಪಕ್ಕದ ಬಾಗಿಲು. ರಿಯಾಯಿತಿಯನ್ನ ಒಂದು ಸೆಂಟಿಮೀಟರಿಗೆ ಇಳಿಸಿ, ಆ ಫೈಲು ಇದೆಯಾ ಅಂತ ಮೊದಲೇ ನೋಡೋ ಟೆಸ್ಟೊಂದನ್ನ ಸೇರಿಸಿದೆ. ಫೈಲಿಲ್ಲದಿದ್ದರೆ ಮಿಕ್ಕಿದ್ದು ಯಾವುದೂ ಓಡೋದೇ ಇಲ್ಲ.

ಮೊಟ್ಟೆ ಕಂಡುಹಿಡಿದ ಹಿರಿಯರು ಈಗ ನಿವೃತ್ತರಾಗಿದ್ದಾರೆ. ಹೋಗೋ ಮುಂಚೆ ಬಸವನಗುಡಿಯ ಟೆಸ್ಟನ್ನ ಏನು ಮಾಡಿದೆ ಅಂತ ಕೇಳಿದರು. ಅಳಿಸೋಕೆ ಮನಸ್ಸು ಬರಲಿಲ್ಲ ಅಂದೆ. ಅದು ಈಗಲೂ ಇದೆ, ಅದೇ ಗಾಂಧಿ ಬಜಾರು, ಅದೇ ಲಾಲ್‌ಬಾಗಿನ ಗೇಟು. ಕೇಳೋ ಪ್ರಶ್ನೆ ಮಾತ್ರ ಬದಲಾಗಿದೆ. ಬಸವನಗುಡಿಯ ವಿಳಾಸ ಕೊಟ್ಟರೆ ಪ್ರೋಗ್ರಾಮು ದೂರದ ಲೆಕ್ಕವನ್ನೇ ಹಾಕಬಾರದು, 'ಈ ಮನೆ ಇಂಗ್ಲೆಂಡಿನ ಒಳಗಿಲ್ಲ' ಅಂತ ವಾಪಸ್ ಕಳಿಸಬೇಕು. ದಿನಕ್ಕೆ ಇಪ್ಪತ್ತು ಮೂವತ್ತು ಸಲ ನಮ್ಮೂರಿಗೆ ಹಾಗೆ ಹೇಳಿಸ್ಕೊಂಡು ನಮ್ಮ ಟೀವಿ ಹಸಿರಾಗುತ್ತೆ.

ಇದನ್ನ ಬರೀತಾ ಇರೋವಾಗಲೇ ಫೋನು ಗುಂಯ್ ಅಂತು. ಕೆಂಪಂತೆ. ಹೋಗಿ ನೋಡಿ ಬರ್ತೀನಿ.